ವಿಲೀನದ ಪಾಠ ನಮ್ಮೂರ ಪಾಸ್‌ಬುಕ್ಕಿನಲ್ಲೇ ಇದೆ

ವಿಜಯಪುರದಲ್ಲಿ ಎಂಬಿಎ ಓದೋರಿಗೆ ಕಂಪನಿ ವಿಲೀನ ಅಂದ್ರೆ ದೂರದ ಮಾತು. ನಾನು ಹೇಳೋದು: ತಿಕೋಟಾದ ಹಳೇ ಗ್ರಾಮೀಣ ಬ್ಯಾಂಕ್ ಪಾಸ್‌ಬುಕ್ ನೋಡಿ.

ಬಿಜಾಪುರ ಗ್ರಾಮೀಣ ಬ್ಯಾಂಕ್ 2005ರಲ್ಲಿ ಇನ್ನೂ ಮೂರು ಬ್ಯಾಂಕುಗಳ ಜೊತೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯ್ತು. ಕೇಂದ್ರ ಕಚೇರಿ ಧಾರವಾಡ. 2025ರ ಮೇ 1ಕ್ಕೆ ಅದೂ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಕಚೇರಿ ಬಳ್ಳಾರಿ.

ಖಾಸಗಿ ಕಂಪನಿಗಳಲ್ಲಾದ್ರೆ ಷೇರುದಾರರು ಮತ ಹಾಕ್ತಾರೆ. ಇಲ್ಲಿ ಕೇಂದ್ರದ್ದು ಶೇ. 50, ಪ್ರಾಯೋಜಕ ಬ್ಯಾಂಕಿನದು 35, ರಾಜ್ಯದ್ದು 15. ಹಾಗಾಗಿ 1976ರ ಕಾಯ್ದೆಯಡಿ ಕೇಂದ್ರದ ಅಧಿಸೂಚನೆಯೇ ಸಾಕು.

ಬ್ಯಾಂಕ್ ದೊಡ್ಡದಾದ್ರೆ ಬಂಡವಾಳ, ತಂತ್ರಜ್ಞಾನಕ್ಕೆ ಅನುಕೂಲ, ನಿಜ. ಆದ್ರೆ ಸಾಲದ ನೀತಿ ಬರೆಯೋ ಮೇಜು ಬಬಲೇಶ್ವರದಿಂದ ದೂರವಾಗ್ತಾ ಹೋಯ್ತು. ನಾನಾದ್ರೆ ಪರೀಕ್ಷೆಯಲ್ಲಿ ಇದನ್ನೇ ಕೇಳ್ತಿದ್ದೆ: ಈ ವಿಲೀನದಲ್ಲಿ ರೈತನ ದನಿ ಎಲ್ಲಿ?