ಮುಗಿಲೆತ್ತರದ ಕಟ್ಟಡ ಹೇಗೆ ನಿಲ್ಲುತ್ತದೆ?

ಮಕ್ಕಳೇ, ಬೀದರ ಪಟ್ಟಣದ ನಡುವೆ, ನಾಲ್ಕು ರಸ್ತೆಗಳು ಕೂಡುವಲ್ಲಿ ಇರುವ ಚೌಬಾರವನ್ನು ನೀವು ನೋಡಿರಬಹುದು. ಅದರ ಎತ್ತರ ಸುಮಾರು 22 ಮೀಟರ್. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ 1472ರಲ್ಲಿ ಕಟ್ಟಿದ ಮಹಮೂದ ಗವಾನ ಮದರಸಾ ಸಿಗುತ್ತದೆ. ಅದರ ಉಳಿದಿರುವ ಮಿನಾರು ಸುಮಾರು 40 ಮೀಟರ್ ಎತ್ತರವಿದೆ. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಪಾಠದ ಕೋಣೆಗಳು, ಗ್ರಂಥಾಲಯ, ಪ್ರಾರ್ಥನೆಯ ಜಾಗ, ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ವಸತಿ ಎಲ್ಲವೂ ಇದ್ದವು. ಒಂದೇ ಕಟ್ಟಡವನ್ನು ಹಲವು ಕೆಲಸಗಳಿಗೆ ಬಳಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ ಎಂದಾಯಿತು.

ಈಗ ಬೆಂಗಳೂರಿಗೆ ಹೋಗೋಣ. ಮಹಾತ್ಮ ಗಾಂಧಿ ರಸ್ತೆಯಲ್ಲಿ 1970ರ ದಶಕದಲ್ಲಿಯೇ 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡ ಎದ್ದು ನಿಂತಿತು. ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು. ಆಗ ಕಾರ್ಖಾನೆಗಳಿದ್ದ ರಾಜಾಜಿನಗರ, ಮಲ್ಲೇಶ್ವರದ ಕಡೆ 2010ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ತಲೆಯೆತ್ತಿತು. ಅದರ ಎತ್ತರ ಸುಮಾರು 128 ಮೀಟರ್. ಅಂದರೆ ಆರು ಚೌಬಾರಗಳನ್ನು ಒಂದರ ಮೇಲೊಂದು ಇಟ್ಟಷ್ಟು! ಅದೇ ಆವರಣದಲ್ಲಿ ಮನೆಗಳು, ಮಾಲ್, ಹೋಟೆಲು, ಆಸ್ಪತ್ರೆ ಇವೆ. ದುಬೈನ ಬುರ್ಜ್ ಖಲೀಫಾದಲ್ಲಿ ಮನೆ, ಕಚೇರಿ, ಹೋಟೆಲು ಮೂರೂ ಒಂದೇ ಗೋಪುರದಲ್ಲಿವೆ. ಅದರ ಎತ್ತರ 828 ಮೀಟರ್.

ಹೀಗೆ ಬೆರೆಸುವುದರಿಂದ ಏನು ಲಾಭ? ಕಚೇರಿಯವರು ಹಗಲು ಬರುತ್ತಾರೆ, ಸಂಜೆ ಹೋಗುತ್ತಾರೆ. ಮನೆಯವರು ಸಂಜೆ ಮರಳುತ್ತಾರೆ. ಹಗಲು ಒಬ್ಬರ ವಾಹನ ನಿಂತ ಜಾಗದಲ್ಲಿ ರಾತ್ರಿ ಇನ್ನೊಬ್ಬರ ವಾಹನ ನಿಲ್ಲಬಹುದು. ಕೆಲಸದ ಜಾಗ, ಅಂಗಡಿ ಹತ್ತಿರವಿದ್ದರೆ ಬಸ್ಸು, ಕಾರುಗಳ ಓಡಾಟವೂ ಕಡಿಮೆಯಾಗುತ್ತದೆ.

ಭಾರ ಹೊರುವವರು ಯಾರು?

ಹಳೆಯ ಕಟ್ಟಡಗಳಲ್ಲಿ ಭಾರವನ್ನೆಲ್ಲ ಗೋಡೆಯೇ ಹೊರುತ್ತದೆ. ಅಂತಸ್ತು ಹೆಚ್ಚಿದಂತೆ ಕೆಳಗಿನ ಗೋಡೆ ದಪ್ಪವಾಗಬೇಕು. ಅಮೆರಿಕದ ಶಿಕಾಗೊ ನಗರದಲ್ಲಿ 1891ರಲ್ಲಿ ಇಟ್ಟಿಗೆಯಿಂದ 16 ಅಂತಸ್ತಿನ ಮೊನಾಡ್ನಾಕ್ ಎಂಬ ಕಟ್ಟಡ ಕಟ್ಟಿದರು. ಅದರ ಬುಡದ ಗೋಡೆ ಸುಮಾರು 1.8 ಮೀಟರ್ ದಪ್ಪ! ಇನ್ನೂ ಎತ್ತರಕ್ಕೆ ಹೋದರೆ ಕೆಳಗೆ ಗೋಡೆಯೇ ಉಳಿದು, ಕೋಣೆಗೆ ಜಾಗವೇ ಸಿಗುತ್ತಿರಲಿಲ್ಲ.

ಇದಕ್ಕೆ ಪರಿಹಾರ ನಿಮ್ಮ ದೇಹದಲ್ಲೇ ಇದೆ. ನಿಮ್ಮ ಭಾರವನ್ನು ಹೊರುವುದು ಚರ್ಮವಲ್ಲ, ಎಲುಬಿನ ಹಂದರ. ಹಾಗೆಯೇ ಉಕ್ಕಿನ ಅಥವಾ ಕಬ್ಬಿಣದ ಸಲಾಕೆ ಹಾಕಿದ ಕಾಂಕ್ರೀಟಿನ ಕಂಬ, ತೊಲೆಗಳು ಇಂದಿನ ಎತ್ತರದ ಕಟ್ಟಡಗಳ ಹಂದರ. ಭಾರ ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ, ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ಗೋಡೆ ಗಾಳಿ, ಮಳೆ ತಡೆದರೆ ಸಾಕು.

ನೆಲವೂ ಗಟ್ಟಿಯಾಗಿರಬೇಕು. ಬೀದರ ಪಟ್ಟಣ ಗಟ್ಟಿಯಾದ ಜಂಬಿಟ್ಟಿಗೆ ಕಲ್ಲಿನ ಮೇಲಿದೆ. ಆದರೆ ಹೊಲಗಳ ಕರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅಂಥ ಮಣ್ಣಿನ ಮೇಲೆ ಆಳವಿಲ್ಲದ ಅಡಿಪಾಯ ಹಾಕಿದರೆ ಗೋಡೆಯೂ ಬಿರುಕು ಬಿಡುತ್ತದೆ.

ಜನ ಮತ್ತು ನೀರು ಮೇಲೇರಬೇಕು

ಇಪ್ಪತ್ತು ಅಂತಸ್ತು ದಿನವೂ ಹತ್ತುವವರು ಯಾರು? ಹಗ್ಗ ಹರಿದರೆ ಗತಿಯೇನು ಎಂದು ಜನ ಲಿಫ್ಟಿಗೆ ಹೆದರುತ್ತಿದ್ದರು. ಎಲಿಷಾ ಓಟಿಸ್ ಎಂಬವರು 1854ರಲ್ಲಿ ನ್ಯೂಯಾರ್ಕಿನಲ್ಲಿ ಲಿಫ್ಟಿನ ಮೇಲೆ ನಿಂತು, ಎಲ್ಲರ ಎದುರಿಗೇ ಅದರ ಹಗ್ಗ ಕಡಿಸಿದರು. ಲಿಫ್ಟು ಬೀಳಲಿಲ್ಲ. ಹಗ್ಗ ಸಡಿಲವಾದ ಕೂಡಲೇ ಅವರು ಅಳವಡಿಸಿದ್ದ ಹಿಡಿಕೆಗಳು ಅದನ್ನು ಕಚ್ಚಿ ಹಿಡಿದವು.

ನೀರನ್ನು 10 ಮೀಟರ್ ಮೇಲೇರಿಸಲು ಸುಮಾರು ಒಂದು ವಾಯುಭಾರದಷ್ಟು ಒತ್ತಡ ಬೇಕು. 128 ಮೀಟರಿಗೆ ಎಷ್ಟು ಬೇಕು? ಲೆಕ್ಕ ಹಾಕಿ. ಅಷ್ಟು ಒತ್ತಡವನ್ನು ಕೆಳಗಿನ ನಲ್ಲಿಗಳು ತಾಳಲಾರವು. ಆದ್ದರಿಂದ ಎತ್ತರದ ಕಟ್ಟಡಗಳಲ್ಲಿ ನಡು ನಡುವೆ ತೊಟ್ಟಿಗಳನ್ನಿಟ್ಟು ಹಂತ ಹಂತವಾಗಿ ನೀರು ಏರಿಸುತ್ತಾರೆ.

ಮಾಡಿ ನೋಡಿ

ನಾಲ್ಕು ಜೋಳದ ದಂಟಿನ ತುಂಡುಗಳನ್ನು ಜಾಲಿ ಮುಳ್ಳಿನಿಂದ ಜೋಡಿಸಿ ಚೌಕ ಮಾಡಿ. ಮುಳ್ಳು ಚುಚ್ಚುವಾಗ ಕೈ ಜೋಪಾನ. ಒಂದು ಮೂಲೆಯನ್ನು ಮೆಲ್ಲಗೆ ತಳ್ಳಿ. ಚೌಕ ವಾಲುತ್ತದೆ. ಈಗ ಮೂಲೆಯಿಂದ ಮೂಲೆಗೆ ಐದನೆಯ ದಂಟು ಅಡ್ಡ ಕಟ್ಟಿ ಮತ್ತೆ ತಳ್ಳಿ. ವಾಲುವುದಿಲ್ಲ. ಏಕೆಂದರೆ ಚೌಕವೀಗ ಎರಡು ತ್ರಿಕೋನಗಳಾಗಿದೆ. ತ್ರಿಕೋನದ ಬಾಹುಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗದು. ಗಾಳಿಗೆ ವಾಲದಿರಲು ಹಲವು ಎತ್ತರದ ಕಟ್ಟಡಗಳಲ್ಲಿ ಇಂಥ ಅಡ್ಡ ಪಟ್ಟಿಗಳನ್ನು ಹಾಕುತ್ತಾರೆ. ಇನ್ನು ಕೆಲವದರಲ್ಲಿ ಲಿಫ್ಟಿನ ಸುತ್ತಲಿನ ಗಟ್ಟಿ ಕಾಂಕ್ರೀಟ್ ಗೋಡೆ ಆ ಕೆಲಸ ಮಾಡುತ್ತದೆ.

ನಮ್ಮ ಮನೆಗೂ ಬೇಕಾದ ಪಾಠ

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಸುಮಾರು 10,000 ಜನ ಸತ್ತರು. ಅಲ್ಲಿ ಮುಗಿಲೆತ್ತರದ ಕಟ್ಟಡಗಳಿರಲಿಲ್ಲ. ಬಿದ್ದವುಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಭಾರವಾದ ಮಣ್ಣಿನ ಮಾಳಿಗೆಯ ಮನೆಗಳು. ಬಸ್ಸು ಥಟ್ಟನೆ ಹೊರಟಾಗ ನೀವು ಹಿಂದಕ್ಕೆ ವಾಲುತ್ತೀರಲ್ಲವೇ? ನೆಲ ಥಟ್ಟನೆ ಸರಿದಾಗ ಮಾಳಿಗೆಯೂ ಹಾಗೆಯೇ ಹಿಂದೆ ಉಳಿಯುತ್ತದೆ. ಭಾರ ಹೆಚ್ಚಿದಷ್ಟೂ ಗೋಡೆಯ ಮೇಲೆ ಬೀಳುವ ಬಲ ಹೆಚ್ಚು. ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಳ್ಳದ ಕಲ್ಲುಗಳು ಚದುರಿ ಬೀಳುತ್ತವೆ.

ಆದ್ದರಿಂದ ಎತ್ತರವೇ ಅಪಾಯವಲ್ಲ, ಬಿಗಿಯಿಲ್ಲದ ಕಟ್ಟೋಣ ಅಪಾಯ. ಖಟಕ ಚಿಂಚೋಳಿಯಲ್ಲಿ ಕಟ್ಟುವ ಎರಡು ಕೋಣೆಯ ಮನೆಗೂ ಇದೇ ನಿಯಮ. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಸಲಾಕೆ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಿದರೆ, ಬುಟ್ಟಿಯ ಬಾಯಿಗೆ ಹೆಣೆದ ಕಟ್ಟಿನಂತೆ ಅದು ನಾಲ್ಕೂ ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ದಿನವೂ ನೀರುಣಿಸಬೇಕು. ಬೇಗ ಒಣಗಿದರೆ ಅದಕ್ಕೆ ಬಲ ಬರುವುದಿಲ್ಲ.

ನಿಮ್ಮ ಓಣಿಯಲ್ಲಿ ಹೊಸ ಮನೆ ಏಳುತ್ತಿದೆಯೇ? ಹಿರಿಯರ ಜೊತೆ ಹೋಗಿ ಗೌಂಡಿಯವರನ್ನು ಈ ಮೂರು ಪ್ರಶ್ನೆ ಕೇಳಿ: ಅಡಿಪಾಯ ಎಷ್ಟು ಆಳವಿದೆ? ಸುತ್ತಲೂ ಪಟ್ಟಿ ಹಾಕುತ್ತೀರಾ? ಎಷ್ಟು ದಿನ ನೀರುಣಿಸುತ್ತೀರಿ? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದು ತರಗತಿಯಲ್ಲಿ ಚರ್ಚಿಸಿ.