ಅರವತ್ತರಲ್ಲಿ ಹೊಸ್ತಿಲು ದಾಟಿದಾಗ

ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಆಚರಿಸುವ ರೂಢಿಯಿಲ್ಲ. ದಾಖಲೆಗಳಲ್ಲಿ ನನ್ನ ಜನ್ಮದಿನ ಜೂನ್ 1. ಅದು ಅಮ್ಮ ಹೇಳಿದ ದಿನವಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ. ನನ್ನ ಓರಗೆಯ ಅರ್ಧ ಊರು ಅದೇ ದಿನ ಹುಟ್ಟಿದೆ! ಹಾಗಾಗಿ 2025ರಲ್ಲಿ ನನಗೆ ಅರವತ್ತು ತುಂಬುತ್ತದೆ ಎಂಬುದು ನನಗೇ ನೆನಪಿರಲಿಲ್ಲ. ನೆನಪಿಟ್ಟುಕೊಂಡಿದ್ದವರು ನನ್ನವರು.

ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಶಿವಮೊಗ್ಗದ ರಾಗಿಗುಡ್ಡದ ಈ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾನು ಮನೆಯೊಳಗೇ ದುಡಿದವಳು. ಮೂವರು ಮಕ್ಕಳು, ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆ. 2012ರಲ್ಲಿ ಹಜ್ಜ್‌ಗೆ ಹೋಗಿ ಬಂದದ್ದು ಬಿಟ್ಟರೆ, ಎರಡು ರಾತ್ರಿಗಿಂತ ಹೆಚ್ಚು ನಾನು ಮನೆ ಬಿಟ್ಟು ಇದ್ದವಳೇ ಅಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ "ಬೆಂಗಳೂರಿಗೆ ಹೋಗೋಣ, ಏನೋ ಕಾಗದದ ಕೆಲಸವಿದೆ" ಎಂದರು. ಪಿಂಚಣಿಯದ್ದಿರಬೇಕೆಂದು ಬುರ್ಖಾ ಹಾಕಿಕೊಂಡು ಹೊರಟೆ. ಹೋಗಿ ಕುಳಿತದ್ದು ವೀಸಾ ಅರ್ಜಿ ಕೇಂದ್ರದಲ್ಲಿ! ಗುಟ್ಟನ್ನು ವಿಮಾನ ನಿಲ್ದಾಣದವರೆಗೂ ಕಾಯುವುದು ಅವರ ಯೋಜನೆಯಾಗಿತ್ತಂತೆ. ಆದರೆ ಯುರೋಪಿನ ಷೆಂಗೆನ್ ವೀಸಾಕ್ಕೆ ಮೊದಲ ಸಲ ಅರ್ಜಿ ಹಾಕುವವರು ಸ್ವತಃ ಹಾಜರಾಗಿ ಹತ್ತೂ ಬೆರಳಿನ ಗುರುತು ಕೊಡಲೇಬೇಕು. ಅರ್ಜಿಗೆ ಸಹಿಯನ್ನೂ ನಾವೇ ಹಾಕಬೇಕು. ಹೀಗೆ ನನ್ನವರ ಗುಟ್ಟು ಅಲ್ಲಿಯೇ ಬಯಲಾಯಿತು.

ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. "ಇಷ್ಟು ದುಡ್ಡು ನನ್ನ ಮೇಲೆ ಸುರಿಯುವುದೇ? ಮಗಳ ಮನೆ ಕಟ್ಟುವ ಕೆಲಸ ಅರ್ಧಕ್ಕೆ ನಿಂತಿದೆ" ಎಂದೆ. ಅವರು ಮಾತಾಡಲಿಲ್ಲ.

ಬೆರಳಿನ ಗುರುತು ಕೊಡುವ ಸರದಿ ಬಂತು. ಯಂತ್ರದ ಗಾಜಿನ ಮೇಲೆ ಬೆರಳಿಟ್ಟೆ. ಒಮ್ಮೆ ಇಟ್ಟೆ, ಎರಡು ಸಲ ಇಟ್ಟೆ, ಗುರುತು ಮೂಡಲಿಲ್ಲ. ಅಲ್ಲಿದ್ದ ಹುಡುಗಿ ನಯವಾಗಿ, "ಅಮ್ಮಾ, ಬೆರಳಿನ ಗೆರೆ ಸವೆದಿದೆ, ಸ್ವಲ್ಪ ಒತ್ತಿ ಹಿಡಿಯಿರಿ" ಎಂದಳು. ಬೂದಿ, ಸೋಪು, ಅಡಿಕೆ ಸಿಪ್ಪೆ, ಕಾರ್ಖಾನೆಯ ಮಸಿ ಹಿಡಿದ ಬಟ್ಟೆಗಳು ನಲವತ್ತು ವರ್ಷದಲ್ಲಿ ತಿಂದು ಹಾಕಿದ ಗೆರೆಗಳವು. ನಾಲ್ಕನೇ ಸಲಕ್ಕೆ ಗುರುತು ಬಂತು. ಹೊರಗೆ ಬಂದಾಗ ನನ್ನವರು ಅಷ್ಟೇ ಹೇಳಿದರು: "ಇದು ಹುಟ್ಟುಹಬ್ಬವಲ್ಲ. ನಿನಗೆ ಕೊಡಬೇಕಾಗಿದ್ದ ಬಾಕಿ." ಆಮೇಲೆ ನಾನು ವಾದಿಸಲಿಲ್ಲ.

ಈ ಯೋಚನೆ ಅವರ ತಲೆಗೆ ಬಂದದ್ದು ಕೊಚ್ಚಿಯ ಚಹಾ ಅಂಗಡಿಯ ವಿಜಯನ್ ಮತ್ತು ಮೋಹನಾ ದಂಪತಿಯ ಸುದ್ದಿ ಓದಿದ ಮೇಲೆ. ಪುಟ್ಟ ಅಂಗಡಿಯ ಆದಾಯದಲ್ಲಿ ದಿನಕ್ಕೆ ಸುಮಾರು 300 ರೂಪಾಯಿ ಎತ್ತಿಟ್ಟು, ಸಾಲ ಮಾಡಿ, ತೀರಿಸಿ, ಮತ್ತೆ ಹೊರಟು, 2007ರಿಂದ ಅವರು 26 ದೇಶಗಳನ್ನು ಜೊತೆಯಾಗಿ ಕಂಡರು. 2021ರ ಅಕ್ಟೋಬರ್‌ನಲ್ಲಿ ರಷ್ಯಾಕ್ಕೆ ಹೋಗಿ ಬಂದರು. ಮರು ತಿಂಗಳೇ ವಿಜಯನ್ ತೀರಿಕೊಂಡರು. "ಅವರು ನಾಳೆಗೆ ಕಾಯಲಿಲ್ಲ ನೋಡು" ಎಂದು ನನ್ನವರು ಆಗಾಗ ಹೇಳುತ್ತಿದ್ದರು. ಸಾಲ ಮಾತ್ರ ಬೇಡವೆಂದು, ನಿವೃತ್ತಿಯ ನಂತರ ಪ್ರತಿ ತಿಂಗಳೂ ಒಂದಷ್ಟನ್ನು ಬೇರೆ ಇಡುತ್ತಾ ಬಂದಿದ್ದರು.

ಬಕ್ರೀದ್ ಮುಗಿಸಿಕೊಂಡು ಜೂನ್ ಕೊನೆಯಲ್ಲಿ ಪ್ರವಾಸಿ ತಂಡವೊಂದರ ಜೊತೆ ಹೊರಟೆವು. ಮೊದಲು ಪ್ಯಾರಿಸ್. ಅಲ್ಲಿ ನನಗೆ ಮೊದಲು ಅಚ್ಚರಿಯಾದದ್ದು ಸೂರ್ಯ. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಮಗ್ರಿಬ್! ಇಶಾ ಮುಗಿಸುವಾಗ ನಡುರಾತ್ರಿ. ಪ್ರಯಾಣಿಕರಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕಿಳಿಸಿದ ರಿಯಾಯಿತಿಯ ಬೆಲೆ ಆಗ ತಿಳಿಯಿತು.

ಐಫೆಲ್ ಗೋಪುರದ ಬಳಿ ಎಲ್ಲರೂ ಫೋಟೋ ತೆಗೆಯುತ್ತಿದ್ದರೆ, ನನ್ನವರು ಅದರ ಕಾಲಿನ ಬುಡದಲ್ಲಿ ನಿಂತು ರಿವೆಟ್‌ಗಳನ್ನು ನೋಡುತ್ತಿದ್ದರು. 1889ರಲ್ಲಿ ತೆರೆದ ಈ ಗೋಪುರದಲ್ಲಿ ಸುಮಾರು 25 ಲಕ್ಷ ರಿವೆಟ್‌ಗಳಿವೆ, ಕಬ್ಬಿಣದ ಭಾಗದ ತೂಕವೇ 7,300 ಟನ್. ಇಪ್ಪತ್ತು ವರ್ಷದ ಅನುಮತಿಯ ಮೇಲೆ ಕಟ್ಟಿದ್ದಂತೆ, ಆಮೇಲೆ ಕಳಚಿ ಹಾಕಬಹುದಿತ್ತು. ಆದರೆ ಅಷ್ಟರಲ್ಲಿ ಅದರ ತುದಿ ನಿಸ್ತಂತು ಸಂದೇಶಕ್ಕೆ ಉಪಯೋಗಕ್ಕೆ ಬಂದು, ಗೋಪುರ ಉಳಿಯಿತು. ಇದನ್ನು ಕೇಳಿ ನನ್ನವರು ಬಹಳ ಹೊತ್ತು ಸುಮ್ಮನಿದ್ದರು. ವಿಶ್ವೇಶ್ವರಯ್ಯನವರು ಕನಸು ಕಂಡ ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯಲು ಆರಂಭಿಸಿದ್ದು 1923ರಲ್ಲಿ. ಅದಕ್ಕೆ ನೂರು ತುಂಬಿದ 2023ರಲ್ಲಿಯೇ ಅದನ್ನು ಮುಚ್ಚುವ ನಿರ್ಧಾರದ ಸುದ್ದಿಯೂ ಬಂತು. "ಹಳೆಯದು ಎಂದ ಮಾತ್ರಕ್ಕೆ ಬೇಡವಾಗುವುದಿಲ್ಲ, ಉಪಯೋಗ ಹುಡುಕುವವರು ಬೇಕು" ಎಂದರು. ಕಾರ್ಖಾನೆಯ ಬಗ್ಗೆಯೋ, ನಮ್ಮಿಬ್ಬರ ಬಗ್ಗೆಯೋ, ನಾನು ಕೇಳಲಿಲ್ಲ.

ಪ್ಯಾರಿಸ್‌ನ ದೊಡ್ಡ ಮಸೀದಿಗೂ ಹೋದೆವು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಪ್ರಾಣ ಕೊಟ್ಟ ಮುಸ್ಲಿಮ್ ಸೈನಿಕರ ನೆನಪಿಗೆ ಕಟ್ಟಿ, 1926ರಲ್ಲಿ ಉದ್ಘಾಟಿಸಿದ ಮಸೀದಿಯದು. ಅಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಲ್ಜೀರಿಯಾದ ಅಜ್ಜಿಯೊಬ್ಬರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಸಲಾಮ್ ಮಾತ್ರ ಇಬ್ಬರಿಗೂ ಗೊತ್ತಿತ್ತು. ಆಕೆ ನನ್ನ ಕೈ ಹಿಡಿದು ಅಂಗೈ ನೋಡಿ, ತನ್ನ ಅಂಗೈ ತೋರಿಸಿ ನಕ್ಕರು. ಅದೂ ನನ್ನದರಂತೆಯೇ ಸವೆದಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ಯುಂಗ್‌ಫ್ರೌಯೋಕ್ ಎಂಬ ಹಿಮದ ಕಣಿವೆಗೆ ರೈಲಿನಲ್ಲಿ ಹತ್ತಿದೆವು. ಬೆಟ್ಟದ ಹೊಟ್ಟೆ ಕೊರೆದು 16 ವರ್ಷ ದುಡಿದು 1912ರಲ್ಲಿ ಪೂರ್ಣಗೊಳಿಸಿದ ಹಳಿ. ನಿಲ್ದಾಣವಿರುವುದು 3,454 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಲೆಕ್ಕ ಹಾಕಿ ನೋಡಿ! ಅಲ್ಲಿ ಅವಸರದಿಂದ ನಡೆದರೆ ತಲೆ ಸುತ್ತುತ್ತದೆ. ನಿಧಾನವಾಗಿ ಅವರ ತೋಳು ಹಿಡಿದು ನಡೆದೆ. ಮದುವೆಯಾದಂದಿನಿಂದ ಹೊರಗೆ ಹೀಗೆ ತೋಳು ಹಿಡಿದು ನಡೆದದ್ದು ಅದೇ ಮೊದಲು.

ಊಟದ ಚಿಂತೆ ಅಷ್ಟು ಕಾಡಲಿಲ್ಲ. ದೊಡ್ಡ ಊರುಗಳಲ್ಲಿ ಹಲಾಲ್ ಅಂಗಡಿಗಳು ಸಿಗುತ್ತವೆ. ಉಳಿದೆಡೆ ಮೀನು, ತರಕಾರಿ, ಜೊತೆಗೆ ನಾನು ಒಯ್ದಿದ್ದ ಅವಲಕ್ಕಿ, ಚಟ್ನಿಪುಡಿ.

ಹೋಗಬಯಸುವ ಸಹೋದರಿಯರಿಗೆ ಒಂದೆರಡು ಮಾತು. ಷೆಂಗೆನ್ ವೀಸಾ ಇದ್ದರೆ ಒಟ್ಟು 29 ದೇಶಗಳಲ್ಲಿ ಸುತ್ತಬಹುದು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಅವಧಿ ವಾಪಸಾದ ಮೇಲೂ ಮೂರು ತಿಂಗಳು ಉಳಿದಿರಬೇಕು. ಬೇಸಿಗೆಯಲ್ಲಿ ಹೋಗುವವರು ತಿಂಗಳುಗಳ ಮೊದಲೇ ಅರ್ಜಿ ಹಾಕಿರಿ. ಮಂಡಿನೋವಿನ ಮಾತ್ರೆ, ಒಗ್ಗಿದ ಚಪ್ಪಲಿ ಮರೆಯಬೇಡಿ.

ಆದರೆ ಎಲ್ಲರೂ ಯುರೋಪಿಗೇ ಹೋಗಬೇಕೆಂದೇನೂ ಇಲ್ಲ. ಮನೆಯಲ್ಲಿ ದುಡಿದು ಸವೆದವರನ್ನು ಜೋಗಕ್ಕೋ ಆಗುಂಬೆಗೋ ಕರೆದುಕೊಂಡು ಹೋದರೂ ಸಾಕು. ಹೋಗುವಾಗ ಒಲೆಯ ಕೆಲಸ ಮಾತ್ರ ಅವರ ಜೊತೆ ಬರಬಾರದು. ನಾವು ಹಿಂದಿರುಗಿ ಬಂದಾಗ ಮಗ ಅಡುಗೆ ಮಾಡಿಟ್ಟಿದ್ದ. ಅನ್ನ ಮುದ್ದೆಯಾಗಿತ್ತು, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಲ್‌ಹಮ್ದುಲಿಲ್ಲಾಹ್, ಎರಡು ಸಲ ಬಡಿಸಿಕೊಂಡು ತಿಂದೆ.