ಯಕೃತ್ತಿನ ಕ್ಯಾನ್ಸರ್ ಶಸ್ತ್ರಕ್ರಿಯೆಯ ನಂತರ ಬರುವ ಸನ್ನಿ: ಅಪಾಯದ ಅಂಶಗಳನ್ನು ಎಲ್ಲಿ ಹುಡುಕಬೇಕು?

ಧ್ವನಿ ಸರಿಯಾಗಿ ಕೇಳಾಕತ್ತೈತಿ ಅಂತ ಚಾಟ್‌ನಲ್ಲಿ ಬರೆದಿದ್ದೀರಿ, ಹಾಗಾಗಿ ಶುರು ಮಾಡುತ್ತೇನೆ. ನಾನು ಅರಿವಳಿಕೆ ವೈದ್ಯ. ಊರು ಕೊಲ್ಲಾಪುರ ಜಿಲ್ಲೆ, ಗಡಹಿಂಗ್ಲಜ ತಾಲೂಕಿನ ಮಹಾಗಾಂವ. ಕಚೇರಿಯ ಕಾಗದವೆಲ್ಲ ಮರಾಠಿ, ನಮ್ಮ ಮನೆಯೊಳಗಿನ ಮಾತು ಕನ್ನಡ. ಊರಿನ ವಿಷಯ ಯಾಕ ಬಂತು ಅಂತ ಕೇಳಬಹುದು. ಸ್ವಲ್ಪ ತಾಳ್ರಿ, ಅದು ಮುಂದೆ ಬೇಕಾಗುತ್ತದೆ.

ಮೊದಲು ಶಬ್ದದ ಬಗ್ಗೆ. ಜ್ವರ ಏರಿ ಮನುಷ್ಯ ಬಡಬಡಿಸಲು ಶುರು ಮಾಡಿದರೆ ನಮ್ಮಲ್ಲಿ ‘ಸನ್ನಿ ಹಿಡದೈತಿ’ ಅಂತಾರೆ. ಆಯುರ್ವೇದದ ಸನ್ನಿಪಾತ ಎಂಬ ಶಬ್ದ ಬಾಯಿಂದ ಬಾಯಿಗೆ ಸವೆದು ಸನ್ನಿಯಾಗಿದೆ. ವೈದ್ಯರು ಡೆಲಿರಿಯಂ ಎನ್ನುವುದು ಇದಕ್ಕೇ. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಗಮನ ಚೆದುರುತ್ತದೆ, ಎಲ್ಲಿದ್ದೇನೆ, ಯಾವ ಹೊತ್ತು ಎಂಬ ಅರಿವು ತಪ್ಪುತ್ತದೆ, ಮುಂಜಾನೆ ಸರಿ ಇದ್ದವರು ರಾತ್ರಿ ಬೇರೆಯೇ ಆಗುತ್ತಾರೆ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಮರೆವಿನ ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸ ಈ ವೇಗ ಮತ್ತು ಈ ಏರಿಳಿತದಲ್ಲಿದೆ.

ಆದರೆ ಸನ್ನಿ ಎಂಬ ನಮ್ಮ ಶಬ್ದಕ್ಕೆ ಒಂದು ತೊಂದರೆ ಐತಿ. ಅದನ್ನು ಕೇಳಿದ ಕೂಡಲೇ ಕಿರುಚುವ, ನಳಿಕೆ ಕಿತ್ತುಕೊಳ್ಳುವ, ಹಾಸಿಗೆಯಿಂದ ಇಳಿದು ಓಡುವ ರೋಗಿ ಕಣ್ಣ ಮುಂದೆ ಬರುತ್ತಾನೆ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣಿಸುವುದು ಇದರ ತಣ್ಣಗಿನ ರೂಪ. ರೋಗಿ ಸುಮ್ಮನೆ ಮಲಗಿರುತ್ತಾನೆ, ಕರೆದರೆ ತಡವಾಗಿ ಕಣ್ಣು ತೆರೆಯುತ್ತಾನೆ, ಊಟ ಬೇಡ ಅನ್ನುತ್ತಾನೆ. ಯಾರಿಗೂ ತ್ರಾಸು ಕೊಡುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಕಣ್ಣಿಗೂ ಬೀಳಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನಿಗೆ, ಆಗ ಅವರಿಗೆ 71, ಯಕೃತ್ತಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಹೆಪಟೈಟಿಸ್ ಬಿ ಸೋಂಕು ಹಳೆಯದು, ಯಕೃತ್ತು ಸ್ವಲ್ಪ ಗಟ್ಟಿಯಾಗಿತ್ತು. ದೊಡ್ಡ ಊರೊಂದರ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಆಯಿತು, ಚೆನ್ನಾಗಿಯೇ ಆಯಿತು. ಮೂರನೆಯ ದಿನ ಅತ್ತೆ ಫೋನ್ ಮಾಡಿದರು: ‘ನಿಮ್ಮ ಮಾವ ಬರೇ ಗ್ವಾಡಿ ನೋಡ್ತಾರ, ನನ್ನ ಗುರ್ತ ಹಿಡಿವಲ್ರು.’ ನಾನು ನೂರಾರು ಕಿಲೋಮೀಟರ್ ದೂರ ಕೂತು, ನೋವಿನ ಔಷಧದ ಮಂಪರು ಇರಬೇಕು, ಮಲಗಲಿ ಬಿಡ್ರಿ ಅಂದೆ. ವಾರ್ಡಿನವರೂ ಹಾಳೆಯಲ್ಲಿ ‘ಶಾಂತವಾಗಿದ್ದಾರೆ’ ಎಂದೇ ಬರೆದಿದ್ದರು. ಮರುದಿನ ಚಳಿಜ್ವರ ಬಂತು. ಸ್ಕ್ಯಾನ್ ಮಾಡಿದಾಗ ಹೊಟ್ಟೆಯೊಳಗೆ ಪಿತ್ತರಸ ಸೋರಿ ನಿಂತು ಸೋಂಕಾಗಿತ್ತು. ಅತ್ತೆ ಹೇಳಿದ್ದೇ ಅದರ ಮೊದಲ ಲಕ್ಷಣ. ಒಂದು ಇಡೀ ದಿನ ನಾವು ಕಳೆದುಕೊಂಡಿದ್ದೆವು. ಮಾವ ಬದುಕಿದರು. ಆದರೆ ಮೊದಲಿನಂತೆ ಕಬ್ಬಿನ ಲೆಕ್ಕ ಬಾಯಲ್ಲೇ ಹೇಳುವಷ್ಟಾಗಲು ತಿಂಗಳುಗಳೇ ಬೇಕಾದವು.

ಈಗ ವಿಷಯಕ್ಕೆ ಬರುತ್ತೇನೆ. ಯಾವ ದೊಡ್ಡ ಶಸ್ತ್ರಕ್ರಿಯೆಯ ನಂತರವೂ ಸನ್ನಿ ಬರಬಹುದು. ಯಕೃತ್ತಿನದು ಯಾಕ ಬ್ಯಾರೆ? ಕತ್ತರಿಸುವುದು ಔಷಧಗಳನ್ನು ತೊಳೆದು ಹಾಕುವ ಅಂಗವನ್ನೇ. ಆರೋಗ್ಯವಂತ ಯಕೃತ್ತಿನಲ್ಲಿ ಸುಮಾರು ಕಾಲುಭಾಗ ಉಳಿದರೂ ಅದು ಮತ್ತೆ ಬೆಳೆಯುತ್ತದೆ. ಸಿರೋಸಿಸ್ ಆಗಿದ್ದರೆ ಶೇ. 40ರಷ್ಟಾದರೂ ಉಳಿಸಬೇಕು ಅಂತಾರೆ ಶಸ್ತ್ರವೈದ್ಯರು. ಉಳಿದ ತುಂಡು ಚೇತರಿಸಿಕೊಳ್ಳುವವರೆಗೆ ಮಿಡಝೋಲಾಂ, ಮಾರ್ಫಿನ್‌ನಂಥ ಔಷಧಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಬೇರೆಯವರಿಗೆ ಕೆಲವೇ ತಾಸಿನಲ್ಲಿ ಇಳಿಯುವ ಮಂಪರು ಇವರಿಗೆ ಮರುದಿನವೂ ಇಳಿದಿರುವುದಿಲ್ಲ. ಕರುಳಿನಲ್ಲಿ ಹುಟ್ಟುವ ಅಮೋನಿಯಾ ಸಹ ಪೂರ್ತಿ ಶುದ್ಧಿಯಾಗದೆ ಮಿದುಳಿಗೆ ತಲುಪುತ್ತದೆ. ಅದರಿಂದ ಬರುವ ಮಂಕಿಗೆ ಯಕೃತ್ತಿನ ಎನ್ಸೆಫಲೋಪತಿ ಎಂದು ಹೆಸರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಒಬ್ಬರಲ್ಲೇ ಎರಡೂ ಇರಬಹುದು. ಕೈ ಮುಂದೆ ಚಾಚಿಸಿದಾಗ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿದರೆ ಎನ್ಸೆಫಲೋಪತಿಯ ಕಡೆ ಸುಳಿವು. ಮಲಬದ್ಧತೆ ಅದನ್ನು ಕೆರಳಿಸುತ್ತದೆ. ಹಾಗಾಗಿ ‘ಹೊರಕಡೆ ಆತೇನ್ರಿ?’ ಎಂಬ ಪ್ರಶ್ನೆ ಈ ವಾರ್ಡಿನಲ್ಲಿ ಮಿದುಳಿನ ತಪಾಸಣೆಯ ಭಾಗವೇ.

ಅಪಾಯದ ಅಂಶಗಳನ್ನು ಎರಡು ಕಡೆ ಹುಡುಕಬೇಕು. ಒಂದು ಕಡೆ ಆಸ್ಪತ್ರೆಯ ಕಾಗದದಲ್ಲಿ ತಾನಾಗಿ ಸಿಗುವಂಥವು: 65 ದಾಟಿದ ವಯಸ್ಸು, ಕಡಿಮೆ ಆಲ್ಬುಮಿನ್, ರಕ್ತಹೀನತೆ, ಸಿರೋಸಿಸ್‌ನ ತೀವ್ರತೆ, ದೀರ್ಘ ಶಸ್ತ್ರಕ್ರಿಯೆ, ಹೆಚ್ಚು ರಕ್ತಸ್ರಾವ, ಆಮ್ಲಜನಕದ ಕೊರತೆ, ಸೋಡಿಯಂ ಏರುಪೇರು, ಸೋಂಕು, ತೀವ್ರ ನಿಗಾ ಘಟಕದ ವಾಸ. ಇವನ್ನು ನಿಮ್ಮಲ್ಲಿ ಬಹಳ ಮಂದಿ ನನಗಿಂತ ಚೆನ್ನಾಗಿ ಬಲ್ಲಿರಿ.

ಇನ್ನೊಂದು ಕಡೆ ಅಂದ್ರೆ ಮನಿ. ಮಾವ ಹತ್ತು ವರ್ಷದಿಂದ ರಾತ್ರಿ ಅರ್ಧ ಅಲ್ಪ್ರಝೋಲಾಂ ಗುಳಿಗೆ ನುಂಗುತ್ತಿದ್ದರು. ಔಷಧದ ಅಂಗಡಿಯವನೇ ಕೊಡುತ್ತಿದ್ದ. ಅದು ನಿದ್ದಿ ಗುಳಿಗಿ, ಔಷಧ ಅಂತ ಯಾರಿಗೂ ಅನ್ನಿಸಿರಲಿಲ್ಲ, ಹಾಗಾಗಿ ಯಾರೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅದು ಒಮ್ಮೆಲೇ ನಿಂತಿತು. ಹೀಗೆ ನಿಂತರೂ ಸನ್ನಿ ಬರಬಹುದು, ಹೆಚ್ಚು ಕೊಟ್ಟರೂ ಬರಬಹುದು. ಕುಡಿತದ ವಿಷಯವೂ ಹೀಗೇ. ದಿನಾ ಕುಡಿಯುವವರಲ್ಲಿ ಕೊನೆಯ ಗುಟುಕಿನ ನಂತರ ಎರಡರಿಂದ ನಾಲ್ಕು ದಿನದೊಳಗೆ ನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾಗಬಹುದು. ಉಳಿದ ಸನ್ನಿಯಲ್ಲಿ ನಾವು ದೂರ ಇಡುವ ಬೆಂಝೋಡಯಾಝೆಪಿನ್ ಗುಂಪಿನ ಔಷಧವೇ ಇಲ್ಲಿ ಚಿಕಿತ್ಸೆ. ಅಂದರೆ ಕುಡಿತ ಮುಚ್ಚಿಟ್ಟರೆ ಚಿಕಿತ್ಸೆಯ ದಿಕ್ಕೇ ತಪ್ಪುತ್ತದೆ. ನಮ್ಮ ಕಡೆ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯನ್ನೂ ಕೇಳಬೇಕು. ಅದು ಹುರಿದ ತಂಬಾಕಿನ ಪುಡಿ, ನಿಂತಾಗ ಚಡಪಡಿಕೆ ಆಗಬಹುದು. ‘ತಂಬಾಕು ತಿಂತೀರೇನು?’ ಅಂದ್ರ ‘ಇಲ್ಲ’ ಅಂತಾರೆ, ಸುಳ್ಳಲ್ಲ, ಅವರು ತಿನ್ನೂದಿಲ್ಲ, ತಿಕ್ತಾರ.

ಆಮೇಲೆ ಕನ್ನಡಕ ಮತ್ತು ಕಿವಿಯ ಯಂತ್ರ. ಮಾವನ ಎರಡೂ ಅತ್ತೆಯ ಚೀಲದಲ್ಲಿ ಭದ್ರವಾಗಿದ್ದವು, ಐಸಿಯುನಲ್ಲಿ ಕಳೆದುಹೋಗಬಾರದು ಅಂತ. ಗಡಿಯಾರ ಕಾಣದ, ಮಾತು ಕೇಳದ, ಹಗಲುರಾತ್ರಿ ಒಂದೇ ದೀಪ ಉರಿಯುವ ಕೋಣೆಯಲ್ಲಿ ಯಾರಿಗಾದರೂ ದಿಕ್ಕು ತಪ್ಪುತ್ತದೆ. ಅಮೆರಿಕದಲ್ಲಿ ಶಾರನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಸಣ್ಣ ಸಂಗತಿಗಳ ಮೇಲೇ ನಿಂತಿತ್ತು: ಕನ್ನಡಕ, ಶ್ರವಣ ಸಾಧನ, ನೀರು, ನಡಿಗೆ, ರಾತ್ರಿ ನಿದ್ದೆ, ಆಗಾಗ ದಿನ ಮತ್ತು ಸ್ಥಳದ ನೆನಪು. 70 ದಾಟಿದ 852 ರೋಗಿಗಳಲ್ಲಿ, ಈ ಆರೈಕೆ ಪಡೆದ ಗುಂಪಿನಲ್ಲಿ ಶೇ. 9.9, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ. 15 ಮಂದಿಗೆ ಸನ್ನಿ ಬಂತು. ಅವರು ಶಸ್ತ್ರಕ್ರಿಯೆಯ ರೋಗಿಗಳಲ್ಲ, ಸಾಮಾನ್ಯ ವಾರ್ಡಿನವರು. ಆದರೂ ಒಂದೂ ಗುಳಿಗೆ ಇಲ್ಲದೆ ಇಷ್ಟು ಇಳಿಯಿತು ಅನ್ನೋದು ನನಗೆ ಈಗಲೂ ದೊಡ್ಡ ಸಂಗತಿಯೇ.

ಊರಿನ ಮಾತು ಬೇಕಾಗುತ್ತದೆ ಅಂದಿದ್ದೆ. ಸನ್ನಿ ಪತ್ತೆಗೆ ಬಳಸುವ ಪರೀಕ್ಷೆಗಳಲ್ಲಿ ಬಹಳಷ್ಟು ಮಾತಿನವು. 4ಎಟಿ ಎಂಬುದರಲ್ಲಿ ವಯಸ್ಸು, ಜನ್ಮದಿನಾಂಕ, ಸ್ಥಳ, ವರ್ಷ ಕೇಳುತ್ತಾರೆ, ತಿಂಗಳುಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಐಸಿಯುಗೆಂದು ಮಾಡಿದ ಕ್ಯಾಮ್ ಐಸಿಯುನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಓದುತ್ತ, ‘ಎ’ ಬಂದಾಗ ಕೈ ಒತ್ತಲು ಹೇಳುತ್ತಾರೆ. ಮಾವನಿಗೆ ಬಾಜಾರದ ಮರಾಠಿ ಚಲೋ ಬರುತ್ತಿತ್ತು. ಆ ವಾರ್ಡಿನ ನರ್ಸ್ ಬೇರೆ ರಾಜ್ಯದವರು, ಹಿಂದಿಯಲ್ಲಿ ಕೇಳಿದರು. ಮಾವ ಉತ್ತರ ಕೊಡಲಿಲ್ಲ, ಭಾಷೆ ತಿಳಿಯದು ಅಂದುಕೊಂಡು ಅವರು ಮುಂದೆ ಹೋದರು. ದಣಿದ ಮಿದುಳು ಕಲಿತ ಭಾಷೆಗಳನ್ನು ಬಿಟ್ಟು ತಾಯಿಮಾತಿಗೆ ಬಂದು ನಿಂತಿರುತ್ತದೆ. ಉತ್ತರ ಬಾರದಿದ್ದುದು ಭಾಷೆಯಿಂದಲೋ ಸನ್ನಿಯಿಂದಲೋ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ಮನೆಯವರು ಇರಬೇಕು. ‘ಇವರು ಯಾವಾಗಲೂ ಹಿಂಗ ಇರ್ತಾರೇನು?’ ಎಂಬ ಒಂದು ಪ್ರಶ್ನೆಗೆ ಅತ್ತೆ ಉತ್ತರ ಹೇಳಿಯೇಬಿಡುತ್ತಿದ್ದರು. ಕೇಳುವವರು ಬೇಕಿತ್ತು. ನಾನಾದರೂ ಕೇಳಬಹುದಿತ್ತು.

ಹಾಗಾಗಿ ಈಗ ನಾನು ಶಸ್ತ್ರಕ್ರಿಯೆಯ ಹಿಂದಿನ ದಿನ ಹತ್ತು ನಿಮಿಷ ರೋಗಿಯ ಮನೆಯವರೊಡನೆ ಅವರ ಮಾತಿನಲ್ಲೇ ಕೂರುತ್ತೇನೆ. ಮನಿ ಗೂಡಿನೊಳಗ ಇರುವ ಎಲ್ಲ ಗುಳಿಗೆ ಚೀಲಕ್ಕೆ ಹಾಕಿಕೊಂಡು ಬರ್ರಿ ಅಂತೀನಿ. ಹೆಸರು ಕೇಳುವುದಿಲ್ಲ, ಚೀಲ ಸುರುವಿ ನೋಡುತ್ತೇನೆ. ಸನ್ನಿ ಬಂದ ಮೇಲೆ ಕೊಟ್ಟು ಗುಣಪಡಿಸುವ ಖಚಿತ ಔಷಧ ನಮ್ಮ ಕೈಯಲ್ಲಿಲ್ಲ. ಹ್ಯಾಲೊಪೆರಿಡಾಲ್ ಕೊಡುವುದು ರೋಗಿ ತನಗೋ ಪರರಿಗೋ ಅಪಾಯ ಮಾಡಿಕೊಳ್ಳುವಂತಿದ್ದಾಗ ಮಾತ್ರ, ಅದೂ ಸಣ್ಣ ಪ್ರಮಾಣದಲ್ಲಿ. ಉಳಿದಂತೆ ಕಾರಣ ಹುಡುಕುವುದೇ ಚಿಕಿತ್ಸೆ: ನೋವು, ಸೋಂಕು, ಕಟ್ಟಿದ ಮೂತ್ರ, ಆಮ್ಲಜನಕ, ಸಕ್ಕರೆ, ರಕ್ತಸ್ರಾವ.

ಎರಡು ಪ್ರಶ್ನೆ ಬಂದಾವು. ಕೈ ಕಟ್ಟಬಹುದೇ ಅಂತ ಒಬ್ಬರು ಕೇಳಿದ್ದಾರೆ. ಕಟ್ಟಿದರೆ ಸನ್ನಿ ಹೆಚ್ಚುವುದೇ ಜಾಸ್ತಿ. ಸಾಧ್ಯವಿದ್ದಲ್ಲಿ ಪರಿಚಯದ ಮುಖವನ್ನು ಪಕ್ಕದಲ್ಲಿ ಕೂರಿಸಿ, ಬೇಡದ ನಳಿಕೆಯನ್ನು ಬೇಗ ತೆಗೆಸಿ.

ನಿಪ್ಪಾಣಿ ಕಡೆಯ ನರ್ಸ್ ಒಬ್ಬರು ಬರೆದಿದ್ದಾರೆ: ‘ನಮ್ಮ ಮುದುಕರಿಗೆ ಜನ್ಮದಿನಾಂಕನ ಗೊತ್ತಿರೂದಿಲ್ಲ, ಜನವರಿ ಫೆಬ್ರವರಿನೂ ಬರೂದಿಲ್ಲ. ಹ್ಯಾಂಗ ಕೇಳೂದು?’ ಚಲೋ ಪ್ರಶ್ನೆ. ಶಸ್ತ್ರಕ್ರಿಯೆಗೆ ಮೊದಲೇ ಒಮ್ಮೆ ಕೇಳಿ, ಏನು ಬರುತ್ತದೆ ಏನು ಬರುವುದಿಲ್ಲ ಬರೆದಿಟ್ಟುಕೊಳ್ಳಿ, ಆಮೇಲೆ ಅದರ ಜೊತೆ ಹೋಲಿಸಿ. ತಿಂಗಳು ಬರದಿದ್ದರೆ ವಾರಗಳನ್ನು ಹಿಂದಿನಿಂದ ಹೇಳಿಸಿ. ಕೆಲವರಿಗೆ ಫಾಲ್ಗುಣ, ಮಾಘ, ಪುಷ್ಯ ಅಂತ ಹಿಂದಕ್ಕೆ ಹೋಗುವುದು ಸಲೀಸು. ಅಧಿಕೃತ ಅಂಕ ಅದಕ್ಕೆ ಸಿಗುವುದಿಲ್ಲ, ಆದರೆ ನಿನ್ನೆ ಮಾಘದವರೆಗೆ ಸರಾಗ ಹೋದವರು ಇವತ್ತು ಫಾಲ್ಗುಣದಲ್ಲೇ ನಿಂತು ಗ್ವಾಡಿ ನೋಡಿದರೆ, ಡಾಕ್ಟರನ್ನು ಆಗಲೇ ಕರೀರಿ.